ಮಹಾವೀರಾಚಾರ್ಯನ ಒಂದು ಸಂಖ್ಯೆ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಕ್ರಿ.ಶ. 850ರ ಸುಮಾರಿಗೆ ರಚಿಸಿದ ‘ಗಣಿತಸಾರಸಂಗ್ರಹ’ದ ವಿಚಿತ್ರ ಗುಣಲಬ್ಧಗಳಲ್ಲಿ 12345654321 ವಿಶೇಷವಾಗಿ ಗಮನಾರ್ಹವಾದುದು. 27994681ನ್ನು 441ರಿಂದ ಗುಣಿಸಿದರೆ ಇದು ದೊರೆಯುತ್ತದೆ. ಗುಣ್ಯವು 5291ರ ವರ್ಗ, ಗುಣಕವು 21ರ ವರ್ಗ. ಇವೆರಡರ ಮೂಲಗಳ ಗುಣಲಬ್ಧ 111111 ಆದುದರಿಂದ, ನಮ್ಮ ಸಂಖ್ಯೆ ಅದರ ವರ್ಗವೇ ಆಗಿದೆ. ಇದನ್ನು ಬರಿಯ ವಿನೋದವೆಂದು ತಳ್ಳಿಹಾಕುವುದು ಉಚಿತವಲ್ಲ. ಒಂದರಿಂದ ಆರರವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯುವುದೆಂದು ಆಚಾರ್ಯನು ಇದನ್ನು ಮಾತಿನಲ್ಲಿಯೇ ವರ್ಣಿಸುತ್ತಾನೆ. ದಶಮಾನದ ಸ್ಥಾನಪದ್ಧತಿ ಅಂದಿನ ಓದುಗರಿಗೆ ಪರಿಚಿತವಾಗಿರದಿದ್ದರೆ ಈ ವರ್ಣನೆಗೆ ಅರ್ಥವೇ ಇರುತ್ತಿರಲಿಲ್ಲ. ಅಂಕೆಗಳ ಇತಿಹಾಸವನ್ನು ಶಾಸನಗಳಲ್ಲಿ ಮಾತ್ರ ಅರಸುವವರು ಇತ್ತ ಕಡೆಗೂ ನೋಡಬೇಕು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಈ ಗ್ರಂಥವನ್ನು ಪ್ರಕಟಿಸಿದಾಗ ಆಧರಿಸಿದ ಪ್ರತಿಗಳಲ್ಲೊಂದು, ಮಂಗಳೂರಿಗೆ ಸಮೀಪದ ಮೂಡಬಿದಿರೆಯ ಓಲೆಗರಿಯಿಂದ ಕನ್ನಡ ಲಿಪಿಯಲ್ಲಿ ಎತ್ತಿದ ನಕಲು.