ಗಿಣಿ, ಜೋಳ ಮತ್ತು ಪಂಜರ

ಇವತ್ತು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಗಿಣಿಯ ಇತಿಹಾಸ ಹೇಳ್ತೀನಿ. ಹಕ್ಕಿಗೆ ಎಂಥಾ ಇತಿಹಾಸ ಅಂತೀರಾ? ಕೇಳ್ರಿ.

ಕ್ರಿಸ್ತಪೂರ್ವ 5ನೇ ಶತಮಾನದ ಹೊತ್ತಿಗೇ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯ, ಮನುಷ್ಯರಂತೆ ಮಾತಾಡುವ ಭಾರತದ ಹಕ್ಕಿಯ ಬಗ್ಗೆ ಬರೆದ. ಕೆಂಪು ಮುಖ, ಕರಿ ಗಡ್ಡ. ಅದು ನಮ್ಮ ಕೆಂದಲೆ ಗಿಣಿಯೇ ಇರಬೇಕು ಅಂತ ಹಲವರು ಊಹಿಸ್ತಾರೆ. ಊರ ಸುತ್ತ ಹೆಚ್ಚು ಕಾಣೋದು ಮಾತ್ರ ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ಹಸಿರು ಗಿಣಿ. ಆ ಪಟ್ಟಿ ಗಂಡಿಗಷ್ಟೇ.

ಮಾತೇ ಅದಕ್ಕೆ ಮುಳುವಾಯ್ತು. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ತನ್ನ ಚೆನ್ನಮಲ್ಲಿಕಾರ್ಜುನನ ಸುದ್ದಿಯನ್ನು ಗಿಣಿಗಳನ್ನೂ ಕೇಳಿದಳು. ಅವು ಬಯಲ ಗಿಣಿಗಳು. ಅರಮನೆಯ ಗಿಣಿ ಬೇರೆ. 1330ರಲ್ಲಿ ನಖ್ಶಬಿ ಪಾರ್ಸಿಯಲ್ಲಿ ಬರೆದ 'ತೂತಿನಾಮಾ'ದಲ್ಲಿ ಪಂಜರದ ಗಿಣಿ ರಾತ್ರಿರಾತ್ರಿ ಕಥೆ ಹೇಳ್ತದ. 1639ರಲ್ಲಿ ಗೋಲ್ಕೊಂಡದ ಗವ್ವಾಸಿ ಅದನ್ನೇ ದಖ್ಖನಿಯಲ್ಲಿ ಬರೆದ. ದಖ್ಖನಿ ಇವತ್ತಿಗೂ ನಮ್ಮ ಸಂತೆಯ ಮಾತು.

ಪಂಜರಕ್ಕೆ ಗಿಣಿ ಎಲ್ಲಿಂದ ಬರ್ತದ? ನಾಗವರ್ಮ ಕನ್ನಡಕ್ಕೆ ತಂದ ಬಾಣನ 'ಕಾದಂಬರಿ' ಅದನ್ನ ಮುಚ್ಚಿಡೋದಿಲ್ಲ. ಬೇಟೆಗಾರನೊಬ್ಬ ಬೂರುಗದ ಮರ ಹತ್ತಿ ಪೊಟರೆಯ ಮರಿಗಳನ್ನ ಕಿತ್ತು ಕೆಳಗೆಸೀತಾನೆ. ಸತ್ತ ಅಪ್ಪನ ರೆಕ್ಕೆಯಡಿ ಉಳಿದ ಮರಿಯೇ ಮುಂದೆ ಕಥೆ ಹೇಳುವ ಗಿಣಿ.

ಇನ್ನು ರೈತನ ಕಣ್ಣಿಗೆ ಅದು ಕಳ್ಳ. ಹಿಂಗಾರಿ ಜೋಳ ಸೀತನಿಗೆ ಬಂತಂದ್ರೆ ಹಿಂಡು ಇಳೀತದ. ಅರ್ಧ ತಿಂದು ಅರ್ಧ ಉದುರಿಸ್ತದ. ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯೋದು ಮಕ್ಕಳ ಕೆಲಸವಾಗಿತ್ತು. ಆ ಸಿಟ್ಟು ಸುಳ್ಳಲ್ಲ. ವರ್ಷದ ರೊಟ್ಟಿ ಹೊಲದಲ್ಲೇ ಹೋಗ್ತದ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1990-91ರ ಹೊತ್ತಿಗೆ ದೇಶೀ ಹಕ್ಕಿಗಳ ವ್ಯಾಪಾರವೇ ನಿಷೇಧವಾಯ್ತು. ಹಾಗಾಗಿ ಮನೆಯಲ್ಲಿ ಗಿಣಿ ಸಾಕೋದೂ, ಗಿಣಿಶಾಸ್ತ್ರದವರ ಪಂಜರವೂ ಕಾನೂನಿಗೆ ವಿರುದ್ಧ. ಆದ್ರೂ ಜಾತ್ರೆಯಲ್ಲಿ ರೆಕ್ಕೆ ಕತ್ತರಿಸಿದ ಗಿಣಿ ಚೀಟಿ ಎತ್ತೋದನ್ನ ನಾನೇ ನೋಡೀನಿ.

ನನಗನಿಸೋದು ಇಷ್ಟು. ಪಂಜರ ಬಿಡಿಸಿದ್ರೆ ಮುಗೀಲಿಲ್ಲ. ಗಿಣಿ ಗೂಡು ಕಟ್ಟೋದಿಲ್ಲ, ಹಳೇ ಮರದ ಪೊಟರೆ ಹುಡುಕ್ತದ. ಬದುವಿನ ಮುದಿ ಬೇವು, ಹುಣಸೆ ಕಡಿದ್ರೆ ಅದರ ಮನೆಯೇ ಹೋಯ್ತು. ನಿಮ್ಮ ಹೊಲದಲ್ಲಿ ಅಂಥ ಮರ ಒಂದಿದ್ರೆ, ಕೊಡಲಿ ಹಾಕೋ ಮುಂಚೆ ಒಮ್ಮೆ ಮೇಲೆ ನೋಡ್ರಿ.