ಹಸಿರು ಗೆರೆಯ ಕಥೆ

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಮ್ಮೆ ನನ್ನನ್ನು ಕೇಳಿದ್ದ: "ಸಾರ್, ಒಲೆಯಿಂದ ದೂರ ಹೋದಂತೆ ಬಿಸಿ ಕಡಿಮೆಯಾಗುತ್ತದೆ. ಸೂರ್ಯನ ಮೇಲ್ಮೈಗಿಂತ ಹೊರಗಿನ ಕರೋನಾ ಹೆಚ್ಚು ಬಿಸಿ ಹೇಗೆ?" ಪಾಠ ಮುಗಿಸುವ ಆತುರದಲ್ಲಿ "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದುಬಿಟ್ಟೆ. ಉತ್ತರ ನನಗೂ ತಿಳಿದಿರಲಿಲ್ಲವೆಂಬುದೇ ನಿಜ. ಆ ಸಾಲವನ್ನು ಈಗ ತೀರಿಸುತ್ತಿದ್ದೇನೆ.

1869ರ ಆಗಸ್ಟ್ 7ರಂದು ಅಮೆರಿಕದಲ್ಲಿ ಸಂಭವಿಸಿದ ಪೂರ್ಣ ಸೂರ್ಯಗ್ರಹಣದ ವೇಳೆ ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್‌ನೆಸ್ ಇಬ್ಬರೂ ಬೇರೆ ಬೇರೆಯಾಗಿ ಕರೋನಾದ ರೋಹಿತದಲ್ಲಿ ಒಂದು ಹಸಿರು ಗೆರೆಯನ್ನು ಕಂಡರು. ಭೂಮಿಯ ಯಾವ ಮೂಲವಸ್ತುವಿಗೂ ಅದು ಹೊಂದಲಿಲ್ಲ. ಹಿಂದಿನ ವರ್ಷ, ನಮ್ಮ ದೇಶದ ಮೇಲೆಯೇ ಹಾದುಹೋದ ಗ್ರಹಣದಲ್ಲಿ ಕಂಡ ಹಳದಿ ಗೆರೆಗೆ ಹೀಲಿಯಂ ಎಂಬ ಹೆಸರು ಬಂದಂತೆ, ಇದರ ಕಲ್ಪಿತ ಧಾತುವಿಗೆ 'ಕೊರೋನಿಯಂ' ಎಂದು ಹೆಸರಾಯಿತು. ಹೀಲಿಯಂ 1895ರಲ್ಲಿ ಭೂಮಿಯ ಮೇಲೂ ದೊರೆಯಿತು. ಕೊರೋನಿಯಂ ದೊರೆಯಲೇ ಇಲ್ಲ.

ಎಪ್ಪತ್ತು ವರ್ಷ ಕಳೆದವು. 1939ರಲ್ಲಿ ಜರ್ಮನಿಯ ವಾಲ್ಟರ್ ಗ್ರೋಟ್ರಿಯನ್ ಕರೋನಾದ ಇನ್ನೊಂದು ಗೆರೆ, ಕೆಂಪು ಬಣ್ಣದ್ದು, ಕಬ್ಬಿಣದ್ದಿರಬೇಕೆಂದು ತೋರಿಸಿದರು. ಅದರ ಬೆನ್ನಲ್ಲೇ ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್ ಹಸಿರು ಗೆರೆಯನ್ನೂ ಗುರುತಿಸಿದರು. ಅದೂ ಕಬ್ಬಿಣವೇ, ನಮ್ಮ ದೋಸೆಕಾವಲಿಯ ಕಬ್ಬಿಣ! ಆದರೆ ತನ್ನ 26 ಎಲೆಕ್ಟ್ರಾನುಗಳಲ್ಲಿ 13ನ್ನು ಕಳೆದುಕೊಂಡದ್ದು. ಅಷ್ಟು ಕಿತ್ತುಹೋಗಬೇಕಾದರೆ ಹತ್ತು ಲಕ್ಷ ಡಿಗ್ರಿಗೂ ಮೀರಿದ ತಾಪ ಬೇಕು. ಮೇಲ್ಮೈಯಲ್ಲಿರುವುದೋ ಸುಮಾರು 5,500 ಡಿಗ್ರಿ. ಒಂದು ಒಗಟು ಬಿಡಿಸಿಕೊಂಡು ಅದಕ್ಕಿಂತ ದೊಡ್ಡದು ಹುಟ್ಟಿತು.

ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ಶಾಖ ತಾನಾಗಿ ಹರಿಯದು. ಹಾಗಾದರೆ ಒಲೆ ಬೇರೆಯೇ ಇರಬೇಕು. ಸೂರ್ಯನ ಕುದಿಯುವ ಮೇಲ್ಮೈ ಕಾಂತರೇಖೆಗಳನ್ನು ಹಗ್ಗದಂತೆ ಹೊಸೆಯುತ್ತದೆ. ಅವು ತುಂಡಾಗಿ ಮತ್ತೆ ಕೂಡಿಕೊಂಡಾಗ ಸಿಡಿಯುವುದೇ ಸೌರಜ್ವಾಲೆ. ಎಲೆಕ್ಟ್ರಾನುಗಳು ಕೆಳಗಿನ ವರ್ಣಗೋಳಕ್ಕೆ ಅಪ್ಪಳಿಸುತ್ತವೆ. ಅಲ್ಲಿನ ಅನಿಲ ಕಾದು, ಹಾಲು ಉಕ್ಕಿದಂತೆ ಮೇಲೇರಿ ಕರೋನಾದ ಕಮಾನುಗಳನ್ನು ತುಂಬುತ್ತದೆ. ದೊಡ್ಡ ಜ್ವಾಲೆಗಳು ಅಪರೂಪ, ಅವಷ್ಟೇ ಸಾಲವು. 1988ರಲ್ಲಿ ಯೂಜೀನ್ ಪಾರ್ಕರ್, ದೊಡ್ಡ ಜ್ವಾಲೆಯ ನೂರು ಕೋಟಿಯಲ್ಲೊಂದು ಪಾಲಿನಷ್ಟು ಪುಟ್ಟ 'ನ್ಯಾನೋಜ್ವಾಲೆ'ಗಳು ಎಡೆಬಿಡದೆ ಸಿಡಿಯುತ್ತಿರಬೇಕೆಂದು ವಾದಿಸಿದರು. ಹನಿಗೂಡಿದರೆ ಹಳ್ಳವಲ್ಲವೇ? ಕಾಂತೀಯ ಅಲೆಗಳೇ ಕಾರಣವೆನ್ನುವವರೂ ಇದ್ದಾರೆ, ವಾದ ಮುಗಿದಿಲ್ಲ.

ಇದು ಸೂರ್ಯನೊಬ್ಬನ ವಿಷಯವೂ ಅಲ್ಲ. 1978ರಲ್ಲಿ ಹಾರಿಸಿದ ಐನ್‌ಸ್ಟೈನ್ ಉಪಗ್ರಹವು ಕೆಂಪು ಕುಬ್ಜ ನಕ್ಷತ್ರಗಳಿಂದಲೂ ಎಕ್ಸ್ ಕಿರಣ ಹೊಮ್ಮುವುದನ್ನು ಕಂಡಿತು. 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿ ಸೂರ್ಯನಿಗಿಂತ ಎಷ್ಟೋ ತಣ್ಣಗಿನ ನಕ್ಷತ್ರ. ಆದರೂ ಅದರ ಕರೋನಾ ಹತ್ತು ಲಕ್ಷ ಡಿಗ್ರಿ ಮೀರಿದೆ, ಜ್ವಾಲೆಗಳಂತೂ ಪದೇ ಪದೇ.

2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ನಿರ್ಮಿಸಿದ ಕರೋನಾ ದರ್ಶಕವಿದೆ. ಅದು ಅರಸುವ ಗೆರೆಗಳಲ್ಲಿ 1869ರ ಆ ಹಸಿರು ಗೆರೆಯೂ ಒಂದು. ಸುದ್ದಿ ಓದಿದಾಗ ಆ ಹುಡುಗ ನೆನಪಾದ. ಎಲ್ಲಿದ್ದೀಯಪ್ಪಾ? ಓದಿದರೆ ಎರಡು ಸಾಲು ಬರೆ. ಅಂದು "ಕೂತುಕೋ" ಎಂದದ್ದನ್ನು ಹಿಂತೆಗೆದುಕೊಂಡಿದ್ದೇನೆ.