ಸೆಪಿಕ್ ನದಿಯ ಮೊಸಳೆ: ಕೆತ್ತನೆ, ವಿಧಿ, ಹೆಸರು

ಪಪುವಾ ನ್ಯೂಗಿನಿಯ ಸೆಪಿಕ್ ನದಿಯ ನಡುಹರಿವಿನ ದಡಗಳಲ್ಲಿ ನೆಲೆಸಿರುವ ಇಯಾತ್ಮುಲ್ ಜನರ ಒಂದು ಸೃಷ್ಟಿಕಥೆಯಂತೆ, ಆದಿಮೊಸಳೆಯ ಕೆಳದವಡೆ ನೆಲವಾಯಿತು, ಮೇಲ್ದವಡೆ ಆಕಾಶವಾಯಿತು. ಆದುದರಿಂದ ಅವರ ಕೆತ್ತನೆಯಲ್ಲಿ ಮೊಸಳೆಯು ಬರಿಯ ಅಲಂಕಾರವಲ್ಲ. ಒಂದೇ ದಿಮ್ಮಿಯಿಂದ ಕೊರೆದ ದೋಣಿಯ ಮುಂತುದಿಯು ಮೊಸಳೆಯ ತಲೆಯಾಗಿ ರೂಪುಗೊಂಡಾಗ, ಪಯಣಿಗನು ಪೂರ್ವಜನ ಬೆನ್ನೇರಿ ಸಾಗುತ್ತಾನೆ.

ಇದೇ ಭಾವನೆ ಪುರುಷದೀಕ್ಷೆಯಲ್ಲಿ ಮೈಮೇಲೆ ಮೂಡುತ್ತದೆ. ಬೋರಲು ಹಾಕಿದ ದೋಣಿಯ ಮೇಲೆ ಮಲಗಿದ ಹುಡುಗನು ಸೋದರಮಾವನನ್ನು ಅಪ್ಪಿಕೊಂಡಿರುವಾಗ ಅವನ ಬೆನ್ನಿನ ಚರ್ಮವನ್ನು ಸಾಲುಸಾಲಾಗಿ ಕೊಯ್ಯಲಾಗುತ್ತದೆ. ಮಾಗಿದ ಗಾಯಗಳು ಮೊಸಳೆಯ ಹುರುಪೆಗಳಂತೆ ಉಬ್ಬಿ ನಿಲ್ಲುತ್ತವೆ. ಮೊಸಳೆಯು ಬಾಲಕನನ್ನು ನುಂಗಿ ಗಂಡಸನ್ನಾಗಿ ಮರಳಿಸಿತೆಂಬುದು ಇದರ ಅರ್ಥ.

ಮರಕ್ಕೂ ಮೈಗೂ ಈ ಅರ್ಥವನ್ನು ಕೊಡುವುದು ಭಾಷೆ. ಇಯಾತ್ಮುಲ್ ಕುಲಗಳು ತಮ್ಮ ಪೂರ್ವಜರ ಹೆಸರುಗಳನ್ನು ಆಸ್ತಿಯಂತೆ ಕಾಯ್ದುಕೊಂಡು ಬಂದಿವೆ. ವಿದ್ವಾಂಸನೊಬ್ಬನ ನೆನಪಿನಲ್ಲಿ 10,000ದಿಂದ 20,000 ಹೆಸರುಗಳಿರುತ್ತವೆಂದು ಗ್ರೆಗರಿ ಬೇಟ್ಸನ್ 1936ರ ‘ನಾವೆನ್’ ಗ್ರಂಥದಲ್ಲಿ ದಾಖಲಿಸಿದನು. ದೇಶದ ಸಂಪರ್ಕಭಾಷೆಯಾದ ಟಾಕ್ ಪಿಸಿನ್‌ನಲ್ಲಿ ಮೊಸಳೆಗೆ ‘ಪುಕ್‌ಪುಕ್’ ಎಂಬ ಸಾಮಾನ್ಯ ಪದವಿದೆ. ಅದು ಪ್ರಾಣಿಯನ್ನು ಸೂಚಿಸಬಲ್ಲದು, ಯಾವ ಕುಲದ ಯಾವ ಪೂರ್ವಜನೆಂಬುದನ್ನು ಸೂಚಿಸಲಾರದು.

1884ರ ಜರ್ಮನ್ ಆಳ್ವಿಕೆಯ ತರುವಾಯ ಸೆಪಿಕ್ ಕೆತ್ತನೆಗಳು ಅಪಾರ ಸಂಖ್ಯೆಯಲ್ಲಿ ಯುರೋಪಿಗೆ ಸಾಗಿದವು. ಬಾಸೆಲ್, ಕೇಂಬ್ರಿಜ್ ವಸ್ತುಸಂಗ್ರಹಾಲಯಗಳಲ್ಲಿ ಅವು ಇಂದಿಗೂ ಸುರಕ್ಷಿತವಾಗಿವೆ. ಆದರೆ ಗಾಜಿನ ಪೆಟ್ಟಿಗೆಯು ಕಾಪಾಡುವುದು ಮರವನ್ನು ಮಾತ್ರ. ಹೆಸರನ್ನು ಕಾಪಾಡಬಲ್ಲವರು ಆ ನುಡಿಯನ್ನಾಡುವ ನದೀತೀರದ ಜನರೇ. ಅವರ ನುಡಿ ಅಳಿದ ದಿನ ಆ ಪೂರ್ವಜನು ಬರಿಯ ಮೊಸಳೆಯಾಗಿ ಉಳಿಯುತ್ತಾನೆ.